ಬೆಟ್ಟದ ಮಳೆ ಯಾವ ಮನೆಯದು? ಅಕ್ಷಾಂಶ, ರೇಖಾಂಶ ಹಿಡಿದು ಹವಾಮಾನದ ಡೇಟಾ ಓದುವವರಿಗೆ 14 ಸೂತ್ರಗಳು

ನಮ್ಮ ಕಡೆಗೆ ಫೋನ್ ಮಾಡಿದರೆ ಮೊದಲ ಮಾತು ಊಟದ್ದಲ್ಲ, ಮಳೆಯದು. ‘ಏನಪ್ಪಾ, ನಿಮ್ಮ ಕಡೆ ಮಳೆ ಆಯ್ತಾ?’ ಚಿಂತಾಮಣಿಗೆ ಮಾಡಿ, ಶಿಡ್ಲಘಟ್ಟಕ್ಕೆ ಮಾಡಿ, ಗೌರಿಬಿದನೂರಿಗೆ ಮಾಡಿ, ಇದೇ ಪ್ರಶ್ನೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ. ರಾಗಿಗೂ ಹಿಪ್ಪುನೇರಳೆಗೂ ಕೆರೆಗೂ ಬೋರ್‌ವೆಲ್ಲಿಗೂ ಕೊನೆಗೆ ಆಕಾಶವೇ ಗತಿ.

ಅಂಬಾಜಿದುರ್ಗ ಹೋಬಳಿಯಲ್ಲಿರುವ ನಮ್ಮ ಚಿಕ್ಕಪ್ಪ ಒಮ್ಮೆ ಮಾತಿನ ನಡುವೆ, ‘ಹೋದ ವರ್ಷ ಗಣೇಶನ ಹಬ್ಬದ ಸಂಜೆ ಸುರೀತಲ್ಲ, ಆಮೇಲೆ ಹದಿನೈದು ದಿನ ಒಂದು ಹನಿ ಇಲ್ಲ’ ಅಂದರು. ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತವನು. ಹವಾಮಾನ ಇಲಾಖೆಯ ಫೈಲ್ ತೆರೆದು ಹಬ್ಬದ ತಾರೀಖು ಹಾಕಿದೆ. ಸೊನ್ನೆ. ‘ಅವತ್ತು ಮಳೇನೇ ಬಂದಿಲ್ಲ ಚಿಕ್ಕಪ್ಪಾ’ ಅಂದೆ. ಆ ಕಡೆಯಿಂದ ನಗು ಕೇಳಿಸಿತು. ‘ನಿನ್ನ ಕಂಪ್ಯೂಟರ್ ನೆನೆದಿಲ್ಲ ಕಣಪ್ಪಾ. ನಾನು ನೆನೆದಿದ್ದೀನಿ.’

ಅವರು ಹೇಳಿದ್ದೇ ಸರಿ. ನಾನು ಒಂದಲ್ಲ, ಎರಡು ತಪ್ಪು ಮಾಡಿದ್ದೆ. ಎರಡಕ್ಕೂ ಕಂಪ್ಯೂಟರ್ ಒಂದು ಎರರ್ ಕೂಡ ಕೊಟ್ಟಿರಲಿಲ್ಲ. ಈ ಕೆಲಸದ ಅಪಾಯ ಇರುವುದೇ ಇಲ್ಲಿ: ಕೇಳಿದ್ದಕ್ಕೆಲ್ಲ ಒಂದು ಅಂಕಿ ಬರುತ್ತದೆ, ಆದರೆ ಅದು ಯಾವ ಊರಿನದು, ಯಾವ ದಿನದ್ದು ಎಂದು ಅಂಕಿ ತಾನಾಗಿ ಹೇಳುವುದಿಲ್ಲ. ನಾವು ಕೇಳಬೇಕು. ಕೇಳುವ ಬಗೆ ಹೇಗೆ ಎಂಬುದಕ್ಕೆ ಈ ಸೂತ್ರಗಳು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿ, ಕೃಷಿ ಸಂಶೋಧಕ, ಊರಿನ ಮಳೆ ಲೆಕ್ಕ ಹುಡುಕುವ ಪತ್ರಕರ್ತ, ಯಾರಿಗಾದರೂ ಉಪಯೋಗಕ್ಕೆ ಬಂದಾವು.

ಮೊದಲು ಎರಡು ಪರಿಚಯ. ಭಾರತೀಯ ಹವಾಮಾನ ಇಲಾಖೆಯ ದೈನಂದಿನ ಮಳೆ ಗ್ರಿಡ್ 1901ರಿಂದ ಶುರುವಾಗುತ್ತದೆ. ದೇಶದ ಮೇಲೆ ಕಾಲು ಡಿಗ್ರಿಗೊಂದರಂತೆ ಗೆರೆ ಎಳೆದು, 6.5ರಿಂದ 38.5 ಡಿಗ್ರಿ ಉತ್ತರದವರೆಗೆ 129 ಅಡ್ಡಸಾಲು, 66.5ರಿಂದ 100 ಡಿಗ್ರಿ ಪೂರ್ವದವರೆಗೆ 135 ಕಂಬಸಾಲು ಮಾಡಿದ್ದಾರೆ. ಚೌಕಾಬಾರದ ಹಾಸಿನಂತೆ ಒಟ್ಟು 17,415 ಮನೆ, ದಿನಕ್ಕೊಂದು ಹಾಸು. ಇದನ್ನು ಓದಲು ಪೈಥಾನ್ ಬಳಸುವವರ ಕೈಯಲ್ಲಿರುವ ಲೈಬ್ರರಿ ಎಕ್ಸ್‌ಅರೇ. 2014ರಲ್ಲಿ ‘ಎಕ್ಸ್‌ರೇ’ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದುಕೊಂಡು, 2016ರಲ್ಲಿ ಈಗಿನ ಹೆಸರು ಪಡೆಯಿತು. ಅಂಕಿಗಳ ಜೊತೆಗೆ ಅವುಗಳ ಅಕ್ಷಾಂಶ, ರೇಖಾಂಶ, ತಾರೀಖನ್ನೂ ಕಟ್ಟಿಕೊಂಡೇ ಓಡಾಡುವುದು ಅದರ ಗುಣ.

ಇನ್ನು ಸೂತ್ರಗಳು.

1. ಮಿನಿಟನ್ನು ದಶಮಾಂಶ ಅಂದುಕೊಳ್ಳಬೇಡಿ

ನನ್ನ ಮೊದಲ ತಪ್ಪು ಇದು. ಹಳೆಯ ಪುಸ್ತಕವೊಂದರಲ್ಲಿ ಚಿಂತಾಮಣಿಯ ಅಕ್ಷಾಂಶ 13 ಡಿಗ್ರಿ 24 ಮಿನಿಟು ಎಂದಿತ್ತು. ಅಂಬಾಜಿದುರ್ಗದ ಬೆಟ್ಟ ಪಕ್ಕದಲ್ಲೇ ಇದೆಯಲ್ಲ ಎಂದು ಅದನ್ನೇ ಹಿಡಿದು ನಾನು 13.24 ಎಂದು ಹೊಡೆದೆ. ಒಂದು ಡಿಗ್ರಿಗೆ ಇರುವುದು ನೂರಲ್ಲ, ಅರವತ್ತು ಮಿನಿಟು. 24ನ್ನು 60ರಿಂದ ಭಾಗಿಸಿದರೆ 0.40, ಸರಿಯಾದ ಅಂಕಿ 13.40. ವ್ಯತ್ಯಾಸ 0.16 ಡಿಗ್ರಿ, ಅಂದರೆ ನೆಲದ ಮೇಲೆ ಹದಿನೇಳು ಕಿಲೋಮೀಟರಿಗೂ ಹೆಚ್ಚು. ಊರನ್ನು ಎತ್ತಿ ದಕ್ಷಿಣದ ಮನೆಯಲ್ಲಿ ಕೂರಿಸಿದ್ದೆ. ಗೆಜೆಟಿಯರ್, ಹಳೆಯ ನಕ್ಷೆ, ಕಲ್ಲಿನ ಮೇಲಿನ ಫಲಕ ಎಲ್ಲಿಂದ ತೆಗೆದುಕೊಂಡರೂ ಮೊದಲು ಭಾಗಾಕಾರ, ಆಮೇಲೆ ಬೆರಳಚ್ಚು.

2. ಹೆಣ್ಣು ನೋಡುವ ಮೊದಲು ಮನೆ ನೋಡಿ

ಫೈಲ್ ತೆರೆದ ಕೂಡಲೇ ಮಳೆ ಕೇಳಬೇಡಿ. ಸುಮ್ಮನೆ ಅದನ್ನು ಪರದೆಗೆ ಮುದ್ರಿಸಿ ನೋಡಿ. ಎಷ್ಟು ಆಯಾಮ, ಅವುಗಳ ಹೆಸರೇನು, ಎಲ್ಲಿಂದ ಎಲ್ಲಿಯವರೆಗೆ, ಅಳತೆ ಯಾವ ಮಾನದಲ್ಲಿ, ಎಲ್ಲ ಅಲ್ಲಿದೆ. ಒಂದು ಫೈಲಿನಲ್ಲಿ ಅಕ್ಷಾಂಶದ ಹೆಸರು ‘ಲ್ಯಾಟ್’, ಇನ್ನೊಂದರಲ್ಲಿ ‘ಲ್ಯಾಟಿಟ್ಯೂಡ್’, ಮತ್ತೊಂದರಲ್ಲಿ ಅದೇ ದೊಡ್ಡಕ್ಷರದಲ್ಲಿ. ನೋಡದೆ ಕೇಳಿದರೆ ಆಯಾಮವೇ ಇಲ್ಲ ಎನ್ನುತ್ತದೆ. ಈ ಎರರ್ ಬಂದರೆ ಬೇಸರ ಬೇಡ. ಬಾಯಿಬಿಟ್ಟು ಹೇಳುವ ತಪ್ಪು ಒಳ್ಳೆಯ ತಪ್ಪು.

3. ಎಣಿಸಬೇಡಿ, ಹೆಸರಿಟ್ಟು ಕರೆಯಿರಿ

ಎಕ್ಸ್‌ಅರೇಯಲ್ಲಿ ಎರಡು ದಾರಿ. ‘ಐಸೆಲ್’ ಎಂದರೆ ಎಣಿಕೆ: ಇಷ್ಟನೆಯ ಸಾಲು, ಇಷ್ಟನೆಯ ಕಂಬ. ‘ಸೆಲ್’ ಎಂದರೆ ವಿಳಾಸ: ಈ ಅಕ್ಷಾಂಶ, ಈ ರೇಖಾಂಶ. ಅಂಬಾಜಿದುರ್ಗ ಸುಮಾರು 13.4 ಉತ್ತರ, 78.0 ಪೂರ್ವದಲ್ಲಿದೆ; ಮಳೆ ಗ್ರಿಡ್ಡಿನಲ್ಲಿ ಅದಕ್ಕೆ ಹತ್ತಿರದ ಬಿಂದು 13.5, 78.0. ಎಣಿಕೆಯಲ್ಲಿ ಇದು 28 ಮತ್ತು 46. ಆದರೆ ಪೈಥಾನ್ ಸೊನ್ನೆಯಿಂದ ಎಣಿಸುತ್ತದೆ, ಆರ್ ಮತ್ತು ಫೋರ್ಟ್ರಾನ್ ಒಂದರಿಂದ. ಗೆಳೆಯರ ಹಳೆಯ ಆರ್ ಪ್ರೋಗ್ರಾಮಿನಿಂದ 29, 47 ಎಂದು ಎತ್ತಿಕೊಂಡರೆ ನೀವು ಒಂದು ಮನೆ ಉತ್ತರಕ್ಕೂ ಒಂದು ಮನೆ ಪೂರ್ವಕ್ಕೂ ಜಾರಿ ಆಂಧ್ರದ ಕಡೆಗೆ ಹೋಗಿರುತ್ತೀರಿ. ‘ಸೆಲ್’ ಬಳಸಿದವರಿಗೆ ಈ ಗೋಜಿಲ್ಲ. ಎಣಿಕೆಯನ್ನು ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಲು ಮಾತ್ರ ಇಟ್ಟುಕೊಳ್ಳಿ: 13.5ರಿಂದ 6.5 ಕಳೆದು 0.25ರಿಂದ ಭಾಗಿಸಿ, 28 ಬರಬೇಕು.

4. ‘ಹತ್ತಿರದ್ದು ಕೊಡು’ ಎಂದು ಬಾಯಿಬಿಟ್ಟು ಹೇಳಿ

13.4 ಎಂಬ ಸಾಲು ಈ ಫೈಲಿನಲ್ಲಿ ಇಲ್ಲವೇ ಇಲ್ಲ. ನೇರವಾಗಿ ಕೇಳಿದರೆ ‘ಸೆಲ್’ ಸಿಗಲಿಲ್ಲ ಎನ್ನುತ್ತದೆ. ಆಗ ‘ಮೆಥಡ್’ ಎಂಬಲ್ಲಿ ‘ನಿಯರೆಸ್ಟ್’ ಎಂದು ಕೊಡಬೇಕು. ಸಾಲು ಇದ್ದರೂ ಕೆಲವೊಮ್ಮೆ ಸಿಗುವುದಿಲ್ಲ. 0.1 ಡಿಗ್ರಿಯ ಗ್ರಿಡ್ಡುಗಳಲ್ಲಿ ಪರದೆಯ ಮೇಲೆ 13.4 ಎಂದೇ ಕಂಡರೂ ಒಳಗೆ ಕೂತಿರುವುದು 13.3999996ರಂಥ ಅಂಕಿಯಾಗಿರಬಹುದು. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ. ಕಾಲು, ಅರ್ಧ, ಮುಕ್ಕಾಲಿನಂಥವು ಮಾತ್ರ ಎರಡರ ಲೆಕ್ಕದಲ್ಲಿ ಚೊಕ್ಕವಾಗಿ ಕೂರುತ್ತವೆ. ಹಾಗಾಗಿ ಬಿಂದು ಕೇಳುವಾಗ ‘ನಿಯರೆಸ್ಟ್’ ಅಭ್ಯಾಸವಾಗಲಿ.

5. ಹತ್ತಿರಕ್ಕೂ ಒಂದು ಬೇಲಿ ಹಾಕಿ

ಆದರೆ ‘ನಿಯರೆಸ್ಟ್’ ತುಂಬ ಸಂಕೋಚದ ಪ್ರಾಣಿ. ಯಾರು ಏನು ಕೇಳಿದರೂ ಇಲ್ಲ ಎನ್ನಲಾರದು. ಅಕ್ಷಾಂಶದ ಜಾಗದಲ್ಲಿ 78, ರೇಖಾಂಶದ ಜಾಗದಲ್ಲಿ 13 ಎಂದು ಅದಲು ಬದಲು ಹೊಡೆದು ನೋಡಿ. ಅದು ಗೊಣಗುವುದಿಲ್ಲ. 78ಕ್ಕೆ ಹತ್ತಿರದ ಅಕ್ಷಾಂಶ ಫೈಲಿನಲ್ಲಿ 38.5, 13ಕ್ಕೆ ಹತ್ತಿರದ ರೇಖಾಂಶ 66.5. ಹಾಸಿನ ಮೂಲೆಯ ಮನೆ. ನಮ್ಮ ಬೆಟ್ಟ ಸದ್ದಿಲ್ಲದೆ ಉಜ್ಬೇಕಿಸ್ತಾನದಲ್ಲಿ! ಅಲ್ಲಿ ಭಾರತದ ಮಳೆ ಇಲ್ಲದ್ದರಿಂದ ಖಾಲಿ ಉತ್ತರ ಬರುತ್ತದೆ. ನೀವು ‘ಡೇಟಾ ಸರಿಯಿಲ್ಲ’ ಎಂದು ಇಲಾಖೆಯನ್ನು ಬೈಯುತ್ತೀರಿ.

ಇದಕ್ಕೆ ಮದ್ದು ‘ಟಾಲರೆನ್ಸ್’. ಕಾಲು ಡಿಗ್ರಿ ಗ್ರಿಡ್ಡಿನಲ್ಲಿ ಯಾವ ಊರೂ ಹತ್ತಿರದ ಸಾಲಿನಿಂದ 0.125 ಡಿಗ್ರಿಗಿಂತ ದೂರ ಇರಲು ಸಾಧ್ಯವಿಲ್ಲ. ಮಿತಿಯನ್ನು 0.13 ಎಂದು ಕೊಡಿ. ಅದಕ್ಕಿಂತ ದೂರ ಹೋದರೆ ಎರರ್ ಬರುತ್ತದೆ, ಬರಲಿ.

6. ಬಂದ ಉತ್ತರದ ವಿಳಾಸ ಕೇಳಿ

ಹದಿನಾಲ್ಕರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಉತ್ತರ ಬಂದ ಮೇಲೆ ಅದರ ಜೊತೆ ಬಂದಿರುವ ಅಕ್ಷಾಂಶ, ರೇಖಾಂಶವನ್ನು ಮುದ್ರಿಸಿ. ನೀವು ಕೇಳಿದ್ದು ಯಾವುದು, ಅದು ಕೊಟ್ಟದ್ದು ಯಾವುದು ಎಂದು ಪಕ್ಕಪಕ್ಕ ಇಟ್ಟು ನೋಡಿ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಮೊದಲಿನ ಆರು ತಾಲ್ಲೂಕು ಕೇಂದ್ರಗಳನ್ನು ನಾನು ಹೀಗೆ ಕೂರಿಸಿ ನೋಡಿದೆ:

— ಗೌರಿಬಿದನೂರು (13.61, 77.52): ಸಿಕ್ಕ ಮನೆ 13.5, 77.5
— ಚಿಕ್ಕಬಳ್ಳಾಪುರ (13.43, 77.73): ಸಿಕ್ಕ ಮನೆ 13.5, 77.75
— ಶಿಡ್ಲಘಟ್ಟ (13.39, 77.86): ಸಿಕ್ಕ ಮನೆ 13.5, 77.75
— ಚಿಂತಾಮಣಿ (13.40, 78.06): ಸಿಕ್ಕ ಮನೆ 13.5, 78.0
— ಬಾಗೇಪಲ್ಲಿ (13.78, 77.79): ಸಿಕ್ಕ ಮನೆ 13.75, 77.75
— ಗುಡಿಬಂಡೆ (13.67, 77.70): ಸಿಕ್ಕ ಮನೆ 13.75, 77.75

ಆರು ಊರು, ನಾಲ್ಕೇ ಮನೆ. ಚಿಕ್ಕಬಳ್ಳಾಪುರಕ್ಕೂ ಶಿಡ್ಲಘಟ್ಟಕ್ಕೂ ಒಂದೇ ಮಳೆ. ಬಾಗೇಪಲ್ಲಿಗೂ ಗುಡಿಬಂಡೆಗೂ ಒಂದೇ. ಈ ಫೈಲ್ ಇಟ್ಟುಕೊಂಡು ‘ಶಿಡ್ಲಘಟ್ಟದ ಮಳೆ ಚಿಕ್ಕಬಳ್ಳಾಪುರದ ಮಳೆಗೆ ಎಷ್ಟು ಹೊಂದುತ್ತದೆ’ ಎಂದು ಲೆಕ್ಕ ಹಾಕಿದರೆ ನೂರಕ್ಕೆ ನೂರು ಹೊಂದುತ್ತದೆ. ಸಂಶೋಧನೆ ಅಂದುಕೊಂಡು ಖುಷಿಪಡಬೇಡಿ. ಅದು ಕನ್ನಡಿ.

ಗಡಿಯ ಮೇಲಿರುವ ಊರುಗಳನ್ನು ಇನ್ನೂ ಹುಷಾರಾಗಿ ನೋಡಿ. ನಂದಿ ಬೆಟ್ಟ 13.37ರಲ್ಲಿದೆ. ಎರಡು ಸಾಲುಗಳ ನಡುವಿನ ಗಡಿ 13.375. ಹಾಗಾಗಿ ಬೆಟ್ಟ ಕೂದಲೆಳೆಯಲ್ಲಿ ದಕ್ಷಿಣಕ್ಕೆ ವಾಲಿ 13.25, 77.75ರ ಮನೆಗೆ, ಅಂದರೆ ದೇವನಹಳ್ಳಿಯ ಮನೆಗೆ ಸೇರುತ್ತದೆ. ನೀವು ಸೋಮಾರಿತನದಿಂದ 13.37ನ್ನು 13.4 ಎಂದು ದುಂಡಗೆ ಬರೆದಿರೋ, ಬೆಟ್ಟ ಎದ್ದು ಚಿಕ್ಕಬಳ್ಳಾಪುರದ ಮನೆಗೆ ಬಂತು. ಕೈವಾರದ ಕಥೆಯೂ ಇಂಥದ್ದೇ: ಅಂಬಾಜಿದುರ್ಗದಿಂದ ಕೆಲವೇ ಕಿಲೋಮೀಟರ್ ದೂರವಾದರೂ 13.35ರ ಆಸುಪಾಸಿನಲ್ಲಿರುವುದರಿಂದ ಅದು ಬೇರೆ ಸಾಲು. ದಶಮಾಂಶದ ಮುಂದೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಸ್ಥಾನ ಇಟ್ಟುಕೊಳ್ಳಿ.

7. ಮನೆಯ ಅಗಲ ತಿಳಿದು ಮಾತಾಡಿ

ಕಾಲು ಡಿಗ್ರಿ ಅಂದರೆ ನಮ್ಮ ಕಡೆ ತೆಂಕು-ಬಡಗಿಗೆ ಸುಮಾರು 27.7 ಕಿಲೋಮೀಟರ್, ಮೂಡು-ಪಡುವಿಗೆ 27. ಒಂದು ಮನೆ ಹತ್ತಿರ ಹತ್ತಿರ 750 ಚದರ ಕಿಲೋಮೀಟರ್. ಇಡೀ ಚಿಕ್ಕಬಳ್ಳಾಪುರ ಜಿಲ್ಲೆಗೆ ಐದಾರು ಮನೆ ಸಾಕು.

ಆ ಅಂಕಿ ಒಂದು ಮಳೆಮಾಪಕದ್ದೂ ಅಲ್ಲ. ಸುತ್ತಲಿನ ಮಾಪಕಗಳ ಅಳತೆಗೆ, ಹತ್ತಿರದ್ದಕ್ಕೆ ಹೆಚ್ಚು ದೂರದ್ದಕ್ಕೆ ಕಡಿಮೆ ಎಂದು ತೂಕ ಕೊಟ್ಟು ಬೆರೆಸಿದ್ದು. ಈ ಗ್ರಿಡ್ಡನ್ನು 2014ರಲ್ಲಿ ಪರಿಚಯಿಸಿದ ಪ್ರಬಂಧದ ಪ್ರಕಾರ ದೇಶದಾದ್ಯಂತ 6,955 ಕೇಂದ್ರಗಳ ದಾಖಲೆ ಬಳಸಲಾಗಿದೆ. ಎಲ್ಲ ಕೇಂದ್ರಗಳೂ ಎಲ್ಲ ವರ್ಷವೂ ಇದ್ದವಲ್ಲ. ನಮ್ಮ ಕಡೆಯ ಸಂಜೆ ಮಳೆಯಾದರೋ ಗುಡುಗಿನ ಮಳೆ. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ಒಣಗಿರುತ್ತದೆ. ಹತ್ತು ವರ್ಷದ ಮುಂಗಾರು ಹೇಗಿತ್ತು ಎಂದರೆ ಈ ಗ್ರಿಡ್ ಚೆನ್ನಾಗಿ ಹೇಳುತ್ತದೆ. ಮೊನ್ನೆ ನಮ್ಮ ಹೊಲಕ್ಕೆ ಬಿತ್ತೇ ಎಂದರೆ ಹೇಳಲಾರದು. ಹೋಬಳಿ, ಪಂಚಾಯಿತಿ ಮಟ್ಟದ ಮಳೆ ಬೇಕಿದ್ದರೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಿವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆ ಅದು. ಈಗ ಗ್ರಾಮ ಪಂಚಾಯಿತಿಗಳಲ್ಲಿ ತಾನೇ ಅಳೆದು ತಾನೇ ಕಳಿಸುವ ಮಳೆಮಾಪಕ ನೆಟ್ಟಿದೆ. ಪ್ರಶ್ನೆಗೆ ತಕ್ಕ ಫೈಲ್ ಹುಡುಕಿ. ಫೈಲಿಗೆ ತಕ್ಕಂತೆ ಪ್ರಶ್ನೆ ತಿರುಚಬೇಡಿ.

8. ಜೋಡಿ ಕೇಳಿದ್ದಕ್ಕೆ ಜಾತ್ರೆ ಬಂದರೆ ಹೆದರಬೇಡಿ

ಆರು ಊರಿನ ಮಳೆ ಒಟ್ಟಿಗೆ ಬೇಕು ಎಂದು ಆರು ಅಕ್ಷಾಂಶದ ಪಟ್ಟಿ, ಆರು ರೇಖಾಂಶದ ಪಟ್ಟಿ ಕೊಡುತ್ತೀರಿ. ದಿನಕ್ಕೆ ಆರು ಅಂಕಿ ಬರಬೇಕಿತ್ತು, 36 ಬರುತ್ತವೆ. ಯಾಕೆ? ಎಕ್ಸ್‌ಅರೇ ಬರಿಯ ಪಟ್ಟಿಯನ್ನು ಸಾಲು, ಕಂಬ ಎಂದು ಓದಿ ಪ್ರತಿ ಸಾಲು ಪ್ರತಿ ಕಂಬಕ್ಕೆ ಸೇರುವ ಜಾಗವನ್ನೆಲ್ಲ ಕೊಡುತ್ತದೆ. ಗೌರಿಬಿದನೂರಿನ ಅಕ್ಷಾಂಶ, ಚಿಂತಾಮಣಿಯ ರೇಖಾಂಶ ಸೇರಿ ಯಾವುದೋ ಊರಿಲ್ಲದ ಊರು!

ಪರಿಹಾರ ಸರಳ. ಎರಡೂ ಪಟ್ಟಿಗಳನ್ನು ‘ಡೇಟಾಅರೇ’ ಮಾಡಿ, ಎರಡಕ್ಕೂ ‘ಊರು’ ಎಂಬ ಒಂದೇ ಆಯಾಮದ ಹೆಸರು ಕೊಡಿ. ಆಗ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಜೋಡಿ ಕಟ್ಟುತ್ತದೆ. ಆ ಆಯಾಮಕ್ಕೆ ಊರುಗಳ ಹೆಸರನ್ನೇ ಅಂಟಿಸಿಬಿಟ್ಟರೆ ಮುಂದೆ ‘ಚಿಂತಾಮಣಿ’ ಎಂದೇ ಕರೆಯಬಹುದು. ಕನ್ನಡ ಅಕ್ಷರದಲ್ಲಿ ಬರೆದರೂ ಅದು ಮುಖ ಸಿಂಡರಿಸುವುದಿಲ್ಲ.

9. ದಿಕ್ಕು ನೋಡಿ ಕತ್ತರಿ ಹಾಕಿ

ಒಂದು ಬಿಂದುವಿನ ಬದಲು ಒಂದು ತುಂಡು ಪ್ರದೇಶ ಬೇಕಾದರೆ ‘ಸ್ಲೈಸ್’. ಇಲಾಖೆಯ ಫೈಲಿನಲ್ಲಿ ಅಕ್ಷಾಂಶ ತೆಂಕಣದಿಂದ ಬಡಗಿಗೆ ಏರುತ್ತದೆ, ಆದ್ದರಿಂದ 13.25ರಿಂದ 14. ಯುರೋಪಿನ ‘ಇಆರ್‌ಎ5’ ಹವಾಮಾನ ಡೇಟಾದ ಫೈಲುಗಳಲ್ಲಿ ಬಡಗಿನಿಂದ ತೆಂಕಣಕ್ಕೆ ಇಳಿಯುತ್ತದೆ. ಅಲ್ಲಿ 14ರಿಂದ 13.25 ಎಂದು ತಿರುಗಿಸಿ ಬರೆಯಬೇಕು. ಇಲ್ಲವಾದರೆ ಎರರ್ ಬರುವುದಿಲ್ಲ, ಉದ್ದ ಸೊನ್ನೆಯ ಖಾಲಿ ತಟ್ಟೆ ಬರುತ್ತದೆ. ಯಾವುದಕ್ಕೂ ‘ಸಾರ್ಟ್‌ಬೈ’ ಮಾಡಿ ಏರಿಕೆಗೆ ತಂದಿಟ್ಟುಕೊಂಡರೆ ನೆಮ್ಮದಿ. ನೆನಪಿರಲಿ, ‘ಸ್ಲೈಸ್’ ಜೊತೆ ‘ನಿಯರೆಸ್ಟ್’ ನಡೆಯುವುದಿಲ್ಲ.

ರೇಖಾಂಶಕ್ಕೂ ಎರಡು ಸಂಪ್ರದಾಯ: ಕೆಲವರು −180ರಿಂದ 180, ಕೆಲವರು 0ಯಿಂದ 360. ನಮ್ಮ 78 ಎರಡರಲ್ಲೂ 78. ಆದರೆ ನ್ಯೂಜೆರ್ಸಿಯಲ್ಲಿರುವ ಮಗಳ ಊರಿನ ಹಿಮ ನೋಡಲು ಹೊರಟರೆ −74 ಎಂಬುದು ಎರಡನೆಯ ಸಂಪ್ರದಾಯದಲ್ಲಿ 286 ಆಗಿರುತ್ತದೆ.

10. ದಿನ ಯಾವಾಗ ಮುಗಿಯುತ್ತದೆ ಕೇಳಿ

ನನ್ನ ಎರಡನೆಯ ತಪ್ಪು ಇಲ್ಲಿತ್ತು. ಹವಾಮಾನ ಇಲಾಖೆಯ ಮಳೆ ದಿನ ನಡುರಾತ್ರಿಗೆ ಮುಗಿಯುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಮಾಪಕದ ಬಳಿ ಹೋಗಿ ನೀರು ಅಳೆಯುವ ಹೊತ್ತು ಅದು. ಇವತ್ತಿನ ತಾರೀಖಿನಲ್ಲಿ ಬರೆದ ಮಳೆ ಎಂದರೆ ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆವರೆಗಿನದು. ಹಬ್ಬದ ಸಂಜೆ ಗಣೇಶನ ಮುಂದೆ ಸುರಿದದ್ದು ಮಾರನೆಯ ದಿನದ ಲೆಕ್ಕ. ವಿಳಾಸ ತಿದ್ದಿಕೊಂಡು ಮಾರನೆಯ ತಾರೀಖು ತೆರೆದೆ. ಮಳೆ ಇತ್ತು. ನಮ್ಮ ಕಡೆ ಹೆಚ್ಚು ಮಳೆ ಸಂಜೆ, ರಾತ್ರಿಗೇ ಬರುವುದರಿಂದ ಈ ಒಂದು ದಿನದ ಜಾರು ಎಲ್ಲ ಕಡೆ ಕಾಡುತ್ತದೆ.

ಇಆರ್‌ಎ5 ಗಂಟೆಗಂಟೆಯ ಲೆಕ್ಕ ಇಡುತ್ತದೆ, ಅದೂ ಗ್ರೀನ್‌ವಿಚ್ ಸಮಯದಲ್ಲಿ. ನಮ್ಮ ಎಂಟೂವರೆ ಅಲ್ಲಿ ಮೂರು ಗಂಟೆ. ಎರಡನ್ನೂ ಹೋಲಿಸುವುದಾದರೆ ಮೂರರಿಂದ ಮೂರಕ್ಕೆ ಕೂಡಿ. ಸೊನ್ನೆಯಿಂದ ಸೊನ್ನೆಗೆ ಕೂಡಿದರೆ ಯಾರ ದಿನವೂ ಅಲ್ಲದ ದಿನವಾಗುತ್ತದೆ.

11. −999 ಮಳೆಯಲ್ಲ

ಇಲಾಖೆಯ ಮಳೆ ಫೈಲಿನಲ್ಲಿ ದೇಶದ ಹೊರಗಿನ ಮನೆಗಳಿಗೆ −999 ಎಂದು ಗುರುತು. ತಾಪಮಾನದ ಫೈಲಿನಲ್ಲಿ 99.9. ನೆಟ್‌ಸಿಡಿಎಫ್ ರೂಪದಲ್ಲಿ ಗುರುತು ಸರಿಯಾಗಿದ್ದರೆ ಎಕ್ಸ್‌ಅರೇ ತಾನೇ ಖಾಲಿ ಮಾಡಿಕೊಳ್ಳುತ್ತದೆ. ಬರಿಯ ಬೈನರಿ ಫೈಲ್ ಓದಿದರೆ ನೀವೇ ‘ವೇರ್’ ಬಳಸಿ ತೆಗೆಯಬೇಕು. ಮರೆತು ಸರಾಸರಿ ತೆಗೆದವರಿಗೆ ಋಣಮಳೆ ಸಿಗುತ್ತದೆ, ಭೂಮಿಯಿಂದ ಆಕಾಶಕ್ಕೆ ಸುರಿದಂತೆ. 99.9 ಇನ್ನೂ ಕಳ್ಳ. ಸರಾಸರಿಯನ್ನು ಎರಡು ಡಿಗ್ರಿ ಏರಿಸಿ ‘ಬಿಸಿ ಹೆಚ್ಚಾಯ್ತು’ ಎಂದು ನಂಬಿಸಿಬಿಡಬಹುದು.

ಹಾಗೆಯೇ ಮಾನ. ಇಲಾಖೆಯದು ಮಿಲಿಮೀಟರ್, ಇಆರ್‌ಎ5ರ ಮಳೆ ಮೀಟರ್. 0.02 ಎಂದು ಕಂಡರೆ ಬರಗಾಲವಲ್ಲ, ಇಪ್ಪತ್ತು ಮಿಲಿಮೀಟರಿನ ಹದವಾದ ಮಳೆ.

12. ನಡುವಿನ ಲೆಕ್ಕಕ್ಕೆ ಬೆಟ್ಟ ಗೊತ್ತಿಲ್ಲ

ಹತ್ತಿರದ ಬಿಂದು ಬೇಡ, ನಾಲ್ಕು ಬಿಂದುಗಳ ನಡುವೆ ಹದ ಹಾಕಿ ಕೊಡು ಎಂದರೆ ‘ಇಂಟರ್ಪ್’ ಇದೆ. ದಿನದ ಮಳೆಗೆ ಅದನ್ನು ಬಳಸುವ ಮೊದಲು ಎರಡು ಸಲ ಯೋಚಿಸಿ: ಒಂದು ಮನೆಯಲ್ಲಿ ಜಡಿಮಳೆ, ಪಕ್ಕದ ಮೂರರಲ್ಲಿ ಬಿಸಿಲು ಇದ್ದರೆ ಅದು ನಾಲ್ಕೂ ಕಡೆ ತುಂತುರು ಮಾಡಿಬಿಡುತ್ತದೆ.

ತಾಪಮಾನಕ್ಕೆ ಮಾತ್ರ ಅದು ಬೇಕಾಗಿಯೇ ಬರುತ್ತದೆ. ಇಲಾಖೆಯ ತಾಪಮಾನದ ಗ್ರಿಡ್ ಒಂದು ಡಿಗ್ರಿಯದು, ರೇಖಾಂಶಗಳು 77.5, 78.5 ಹೀಗೆ ಅರ್ಧದಲ್ಲಿ ಕೂರುತ್ತವೆ. ಅಂಬಾಜಿದುರ್ಗ ಇರುವುದು ಸರಿಯಾಗಿ ನಡುವೆ, 78ರ ಗೆರೆಯ ಮಗ್ಗುಲಲ್ಲಿ. ಸಾಮಾನ್ಯ ಗೆರೆಯಲ್ಲ ಅದು. 1802ರಲ್ಲಿ ಮದ್ರಾಸಿನಲ್ಲಿ ವಿಲಿಯಂ ಲ್ಯಾಂಬ್ಟನ್ ಶುರು ಮಾಡಿ, 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಆಧಾರರೇಖೆ ಎಳೆದ ಮಹಾ ತ್ರಿಕೋನಮಿತಿ ಸರ್ವೆಯ ‘ಗ್ರೇಟ್ ಆರ್ಕ್’ ದೇಶದ ದಕ್ಷಿಣ ತುದಿಯಿಂದ ಹಿಮಾಲಯದ ತಪ್ಪಲಿನವರೆಗೆ ಹೆಚ್ಚೂಕಡಿಮೆ ಈ ರೇಖೆಯ ಗುಂಟವೇ ಹೋಗಿದೆ. ಅಂಥ ಗೆರೆಯ ಆಚೆ 78.01 ಎಂದು ಕೊಟ್ಟರೆ ಸಿಗುವುದು 13.5, 78.5ರ ಬಿಂದು, ಅಂದರೆ ಮದನಪಲ್ಲಿಯ ಬಿಸಿಲು. ಈಚೆ 77.99 ಎಂದರೆ 13.5, 77.5, ಗೌರಿಬಿದನೂರಿನ ಬಿಸಿಲು. ಎರಡು ರಾಜ್ಯ, ನಡುವೆ ಎರಡು ಕಿಲೋಮೀಟರಿನ ಬೆರಳಚ್ಚು. ಇಂಥಲ್ಲಿ ‘ಇಂಟರ್ಪ್’ ನ್ಯಾಯ.

ಆದರೂ ಅದು ಬಯಲಿನ ನ್ಯಾಯ. ನಂದಿ ಬೆಟ್ಟ 1,478 ಮೀಟರ್, ಅಂಬಾಜಿದುರ್ಗ ಸುಮಾರು 4,400 ಅಡಿ. ಸಾಮಾನ್ಯ ಲೆಕ್ಕದಲ್ಲಿ ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ತಂಪು. ಗ್ರಿಡ್ಡಿಗೆ ಎತ್ತರ ಗೊತ್ತಿಲ್ಲ. ಬೆಟ್ಟದ ತುದಿಯ ಚಳಿ ಬೇಕಿದ್ದರೆ ಎತ್ತರದ ಲೆಕ್ಕ ನೀವೇ ಸೇರಿಸಬೇಕು.

13. ಮೊದಲು ಆರಿಸಿ, ಆಮೇಲೆ ಹೊರಿ

ಒಂದು ವರ್ಷದ ಮಳೆ ಫೈಲಿನಲ್ಲಿ 63 ಲಕ್ಷ ಚಿಲ್ಲರೆ ಅಂಕಿ. 1901ರಿಂದ 2020ರವರೆಗೆ ಎಂದರೆ 76 ಕೋಟಿ. ಅಷ್ಟನ್ನೂ ಮೆಮೊರಿಗೆ ಸುರಿದುಕೊಂಡು ಲ್ಯಾಪ್‌ಟಾಪ್ ನರಳಿಸಬೇಡಿ. ಎಕ್ಸ್‌ಅರೇ ಫೈಲ್ ತೆರೆದಾಗ ಅಂಕಿಗಳನ್ನು ಎತ್ತಿಕೊಳ್ಳುವುದಿಲ್ಲ, ಎಲ್ಲಿವೆ ಎಂದು ಗುರುತಿಟ್ಟುಕೊಳ್ಳುತ್ತದೆ ಅಷ್ಟೆ. ಮೊದಲು ‘ಸೆಲ್’ ಮಾಡಿ, ಆಮೇಲೆ ‘ಲೋಡ್’ ಮಾಡಿ. ಚಿಂತಾಮಣಿಯ ಮನೆಯೊಂದಕ್ಕೆ 120 ವರ್ಷಕ್ಕೆ ಬೇಕಾದದ್ದು 43,830 ದಿನಗಳ ಅಂಕಿ. ಹಳೆಯ ಲ್ಯಾಪ್‌ಟಾಪಿಗೂ ಅದು ಹೊರೆಯಲ್ಲ.

ದೇಶದ ಸರಾಸರಿ ತೆಗೆಯುವಾಗ ಒಂದು ಮಾತು: ಬಡಗಿಗೆ ಹೋದಂತೆ ಮನೆಗಳು ಕಿರಿದಾಗುತ್ತವೆ, ಆದ್ದರಿಂದ ಅಕ್ಷಾಂಶದ ಕೊಸೈನ್ ತೂಕ ಕೊಡಿ. ಕನ್ಯಾಕುಮಾರಿಗೆ ಅದು 0.99, ಲಡಾಖಿನ ತುದಿಗೆ 0.8. ಒಂದು ಜಿಲ್ಲೆಯೊಳಗೆ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

14. ಊರು ಮರೆಯದ ಮಳೆಯಿಂದ ಪರೀಕ್ಷೆ ಮಾಡಿ

ಪ್ರೋಗ್ರಾಮ್ ಸರಿ ಇದೆಯೇ ಎಂದು ತಿಳಿಯಲು ಊರಿಗೆ ನೆನಪಿರುವ ಮಳೆ ಹುಡುಕಿ. ನಮ್ಮ ಜಿಲ್ಲೆಗೆ ಅದು 2021. ಆಗಸ್ಟ್ ಕೊನೆಯ ವಾರ ನಂದಿ ಬೆಟ್ಟದ ದಾರಿಯಲ್ಲಿ ಗುಡ್ಡ ಕುಸಿಯಿತು. ನವೆಂಬರಿನಲ್ಲಿ ಅಕಾಲದ ಮಳೆಗೆ ಕೊಯ್ಲಿಗೆ ಬಂದ ರಾಗಿ ಮಲಗಿತು, ಎಷ್ಟೋ ಕೆರೆ ಕೋಡಿ ಬಿದ್ದವು. ನಿಮ್ಮ ನಕ್ಷೆಯಲ್ಲಿ 2021ರ ನವೆಂಬರ್ ಎದ್ದು ಕಾಣಬೇಕು. ಕಾಣದಿದ್ದರೆ ಒಂದನೆಯ ಸೂತ್ರಕ್ಕೆ ವಾಪಸ್ ಹೋಗಿ.

ಇಷ್ಟೆಲ್ಲ ಕಲಿತ ಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ‘ನೀವು ಹೇಳಿದ್ದೇ ಸರಿ, ಹಬ್ಬದ ಸಂಜೆ ಮಳೆ ಇತ್ತು. ಆದರೆ ಆಮೇಲೆ ಹದಿನೈದು ದಿನ ಒಂದು ಹನಿ ಇಲ್ಲ ಅಂದ್ರಲ್ಲ, ಇದರಲ್ಲಿ ನಡುವೆ ಇನ್ನೊಂದು ಮಳೆ ತೋರಿಸ್ತಿದೆ’ ಅಂದೆ.

‘ಹೌದಪ್ಪಾ, ಅವತ್ತು ಚಿಂತಾಮಣಿ ಪೇಟೆಯಲ್ಲಿ ಮೋರಿ ತುಂಬಿ ಹರೀತಂತೆ. ನಮ್ಮ ಹೊಲದಲ್ಲಿ ಧೂಳು.’

ಪೇಟೆ, ಬೆಟ್ಟ ಎರಡೂ ನನ್ನ ಫೈಲಿನಲ್ಲಿ ಒಂದೇ ಮನೆ. ಈ ಸಲ ಫೈಲೂ ಸುಳ್ಳು ಹೇಳಿರಲಿಲ್ಲ, ಚಿಕ್ಕಪ್ಪನೂ ಹೇಳಿರಲಿಲ್ಲ. ಅಂದಿನಿಂದ ನಾನು ಮಾಡುವ ಪ್ರತಿ ನಕ್ಷೆಯ ಕೆಳಗೆ ಒಂದು ಸಾಲು ಬರೆಯುತ್ತೇನೆ: ಈ ಅಂಕಿ 13.5, 78.0ರ ಮನೆಯದು, ಅಗಲ 27 ಕಿಲೋಮೀಟರ್, ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ.